ಬೇವಿನ ಮರ ಮತ್ತು ಹದಿನಾರು ಮನೆ

ಪ್ರಶ್ನೆ: ಮೇಡಂ, ನನಗೆ 54 ವರ್ಷ. ಹೊಸಪೇಟೆಯ ಚಿತ್ತವಾಡ್ಗಿ ಕಡೆ ನಮ್ಮದು 60 ಅಡಿ ಅಗಲ, 90 ಅಡಿ ಉದ್ದದ ಜಾಗ. ಅಪ್ಪ ಸ್ವಂತ ದುಡಿಮೆಯಲ್ಲಿ ಕಟ್ಟಿಸಿದ ಹಳೆಯ ಮನೆ, ಹಿತ್ತಲಲ್ಲಿ ಒಂದು ಬಾವಿ, ಒಂದು ಬೇವಿನ ಮರ. ಅಪ್ಪ ಉಯಿಲು ಬರೆಯದೆ ತೀರಿಕೊಂಡರು. ನಾವು ಮೂವರು ಅಣ್ಣತಮ್ಮಂದಿರು; ನಾನು ಇಲ್ಲೇ ಅವ್ವನ ಜೊತೆ, ಒಬ್ಬ ತಮ್ಮ ಕಂಪ್ಲಿಯಲ್ಲಿ, ಇನ್ನೊಬ್ಬ ಬೆಂಗಳೂರಲ್ಲಿ. ಹೊಸಪೇಟೆ ಜಿಲ್ಲಾ ಕೇಂದ್ರವಾದ ಮೇಲೆ ಬಾಡಿಗೆ ಮನೆ ಕೇಳಿಕೊಂಡು ಬರುವವರು ಹೆಚ್ಚಿದ್ದಾರೆ. ಒಬ್ಬ ಬಿಲ್ಡರ್ ಹದಿನಾರು ಮನೆಯ ಅಪಾರ್ಟ್‌ಮೆಂಟ್ ಕಟ್ಟಿ ಅರ್ಧ ನಮಗೆ ಕೊಡುವುದಾಗಿ ಹೇಳುತ್ತಿದ್ದಾರೆ. ಜಾಗವನ್ನು ಸ್ವಲ್ಪ ಕಡಿಮೆ ತೋರಿಸಿದರೆ ರೇರಾ ಗೊಡವೆ ಇಲ್ಲವಂತೆ. ಬಂದ ಹಣದಲ್ಲಿ ಹಂಪಿ ಹತ್ತಿರ ಜಾಗ ಹಿಡಿದು ಹೋಂಸ್ಟೇ ಮಾಡೋಣ ಎಂದು ಕಂಪ್ಲಿಯ ತಮ್ಮನ ಆಸೆ. ಅವ್ವ ಮಾತ್ರ "ಬೇವಿನ ಮರ ಕಡೀಬ್ಯಾಡ್ರಪ್ಪ" ಎಂದು ಊಟ ಬಿಟ್ಟಿದ್ದಾಳೆ. ತಂಗಿಯನ್ನು ಸಂಡೂರಿಗೆ ಕೊಟ್ಟಿದೆ, ಅವಳಿಗೆ ಮದುವೆಯಲ್ಲೇ ಎಲ್ಲ ಮಾಡಿದ್ದೇವೆ. ಕಟ್ಟಿದರೆ ಮಕ್ಕಳ ಕಾಲಕ್ಕೂ ಬಾಳುವಂತೆ ಕಟ್ಟಬೇಕು ಎಂಬಾಸೆ ನನಗೆ. ಏನು ಮಾಡಲಿ?
– ಹೊಸಪೇಟೆಯ ಓದುಗರು

ಉತ್ತರ: ನಿಮ್ಮ ಪತ್ರದಲ್ಲಿ ಬಿಲ್ಡರ್ ಹೇಳಿದ್ದು ವಿವರವಾಗಿದೆ. ತಂಗಿಯದು ಒಂದೇ ವಾಕ್ಯ, ಅದೂ ಮುಗಿದ ಲೆಕ್ಕದಂತೆ. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ಅಪ್ಪನ ಸ್ವಯಾರ್ಜಿತ ಆಸ್ತಿ, ಉಯಿಲು ಇಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಅದು ಅವ್ವನಿಗೆ, ನಿಮ್ಮ ಮೂವರಿಗೆ, ತಂಗಿಗೆ ಸಮನಾಗಿ ಹೋಗುತ್ತದೆ. ಐದರಲ್ಲಿ ಒಂದು ಪಾಲು ಆಕೆಯದು. ಮದುವೆಯಲ್ಲಿ ಕೊಟ್ಟ ಚಿನ್ನ, ಮಾಡಿದ ಖರ್ಚು ಈ ಪಾಲನ್ನು ಅಳಿಸುವುದಿಲ್ಲ. ಪಿತ್ರಾರ್ಜಿತವೇ ಆಗಿದ್ದರೂ ಮಗಳನ್ನು ಬಿಡಲಾಗದು. 2005ರ ತಿದ್ದುಪಡಿ ಮತ್ತು ಅದರ ಮೇಲೆ 2020ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು ಅದನ್ನು ಖಚಿತಪಡಿಸಿವೆ. ಬಿಲ್ಡರ್ ಜೊತೆಗಿನ ಕರಾರಿಗೆ ಐವರೂ ಸಹಿ ಹಾಕಬೇಕು. ಆಕೆ ಮನಸಾರೆ ಪಾಲು ಬಿಟ್ಟುಕೊಟ್ಟರೆ ಅದು ನೋಂದಣಿಯಾದ ಪತ್ರದಲ್ಲಿರಬೇಕು. ಕಾಯ್ದೆಯ ಮಾತು ಹಾಗಿರಲಿ, ಒಡಹುಟ್ಟಿದವಳ ಹತ್ತಿರ ಒಂದು ಮಾತೂ ಕೇಳದೆ ಅಪ್ಪನ ಮನೆ ಕೆಡವುವುದು ಸರಿಯಲ್ಲ.

ಇನ್ನು "ಸ್ವಲ್ಪ ಕಡಿಮೆ ತೋರಿಸಿದರೆ" ಎನ್ನುವ ಮಾತು. 60x90 ಎಂದರೆ 5,400 ಚದರಡಿ, ಅಂದರೆ 501 ಚದರ ಮೀಟರ್‌ಗೆ ಚೂರು ಮೇಲೆ. 2016ರ ರಿಯಲ್ ಎಸ್ಟೇಟ್ ಕಾಯ್ದೆ, ಅಂದರೆ ರೇರಾ, ಗೆರೆ ಎಳೆದಿರುವುದು 500 ಚದರ ಮೀಟರ್‌ಗೆ ಮತ್ತು ಎಂಟು ಮನೆಗೆ. ನಿಮ್ಮ ಯೋಜನೆ ಎರಡನ್ನೂ ದಾಟಿದೆ, ನೋಂದಣಿ ತಪ್ಪಿದ್ದಲ್ಲ. ಅದು ನಿಮ್ಮ ರಕ್ಷಣೆಗೂ ಬೇಕು. ಮನೆ ಕೊಳ್ಳುವವರಿಂದ ಬಂದ ಹಣದಲ್ಲಿ ಶೇ 70 ಪ್ರತ್ಯೇಕ ಖಾತೆಯಲ್ಲಿದ್ದು ಈ ಕಟ್ಟಡಕ್ಕೂ ಜಾಗಕ್ಕೂ ಮಾತ್ರ ಖರ್ಚಾಗಬೇಕು. ಸ್ವಾಧೀನಕ್ಕೆ ಕೊಟ್ಟ ಐದು ವರ್ಷದೊಳಗೆ ಕಟ್ಟಡದಲ್ಲಿ ದೋಷ ಕಂಡರೆ ಕಟ್ಟಿದವರೇ ಸರಿಪಡಿಸಬೇಕು. ಸಹಿ ಹಾಕುವ ಮೊದಲೇ ಸ್ವಲ್ಪ ಜಾಗ ಮುಚ್ಚಿಡಿ ಎನ್ನುವವರು ಕಬ್ಬಿಣ, ಸಿಮೆಂಟಿನಲ್ಲಿ ಏನೇನು ಮುಚ್ಚಿಟ್ಟಾರು? ಈ ಬಿಲ್ಡರನ್ನು ಬಿಡಿ. ಈ ಮಾತನ್ನು ನಾನು ಅಳೆದು ತೂಗಿಯೇ ಹೇಳುತ್ತಿದ್ದೇನೆ.

ಈಗ ನಿಮ್ಮ ನಿಜವಾದ ಪ್ರಶ್ನೆ: ಬಾಳುವಂತೆ ಕಟ್ಟುವುದು ಹೇಗೆ? ಎಷ್ಟು ಮನೆ ಎಂದು ಲೆಕ್ಕ ಹಾಕುವ ಮೊದಲು ಎಷ್ಟು ನೀರು ಎಂದು ಲೆಕ್ಕ ಹಾಕಿ. ಅಣೆಕಟ್ಟೆಯ ಮಗ್ಗುಲಲ್ಲೇ ಇದ್ದೇವಲ್ಲ ಎಂಬ ಧೈರ್ಯ ನಮ್ಮ ಊರಿನವರಿಗೆ ಜಾಸ್ತಿ. 133 ಟಿಎಂಸಿ ಹಿಡಿಯುತ್ತಿದ್ದ ತುಂಗಭದ್ರಾ ಜಲಾಶಯದಲ್ಲಿ ಹೂಳು ತುಂಬಿ ಈಗ ಉಳಿದಿರುವುದು 105 ಟಿಎಂಸಿ ಚಿಲ್ಲರೆ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನ್ ಲಿಂಕ್ ತುಂಡಾಗಿ, ತುಂಬಿದ ನೀರು ಕಣ್ಣೆದುರೇ ಹೊಳೆಗೆ ಹರಿದುಹೋದದ್ದನ್ನು ನೀವೂ ನೋಡಿದ್ದೀರಿ.

ಒಂದು ಚದರ ಮೀಟರ್ ಮಾಳಿಗೆಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ನಿಮ್ಮ ಕಟ್ಟಡದ ಮಾಳಿಗೆ 3,000 ಚದರಡಿ, ವರ್ಷದ ಮಳೆ 550 ಮಿ.ಮೀ. ಎಂದಿಟ್ಟುಕೊಳ್ಳೋಣ. ಆವಿಯಾಗಿದ್ದು, ಸೋರಿದ್ದು ಕಳೆದು ಸುಮಾರು 1,20,000 ಲೀಟರ್ ಕೈಗೆ ಸಿಗುತ್ತದೆ. ತಲೆಗೆ ದಿನಕ್ಕೆ 135 ಲೀಟರ್ ಎನ್ನುವುದು ನಗರಗಳಿಗೆ ಹಿಡಿಯುವ ಲೆಕ್ಕ. ಎಂಟು ಮನೆ, ಮೂವತ್ತೆರಡು ಜನ ಎಂದರೆ ಆ ನೀರು ನಾಲ್ಕು ವಾರ ಬಂದೀತು. ಹದಿನಾರು ಮನೆಗೆ ಎರಡೇ ವಾರ. ಆಮೇಲೆ ಉಳಿಯುವುದು ನಗರಸಭೆಯ ನಲ್ಲಿ, ಬೋರು, ಟ್ಯಾಂಕರ್. ಆದರೆ ಅದೇ ಮಳೆನೀರನ್ನು ಕುಡಿಯಲು, ಅಡುಗೆಗೆ ಎಂದು ತಲೆಗೆ ಹತ್ತು ಲೀಟರಿನಂತೆ ಇಟ್ಟರೆ ಎಂಟು ಮನೆಗೆ ವರ್ಷವಿಡೀ ಸಾಕು. ಅಷ್ಟನ್ನೂ ಹಿಡಿದಿಡುವ ಸಂಪು ಕಟ್ಟುವುದು ದುಬಾರಿ. ಆದ್ದರಿಂದ ಒಂದು ಸಂಪು ತುಂಬಿ, ಮಿಕ್ಕದ್ದನ್ನು ಸೋಸಿ ಬಾವಿಗೆ ಇಳಿಸಿ. ಬಿಲ್ಡರ್ ನಕ್ಷೆಯಲ್ಲಿ ಬಾವಿ ಮುಚ್ಚುವ ಹಾಗಿದ್ದರೆ ನಕ್ಷೆಯನ್ನು ಬದಲಿಸಿ, ಬಾವಿಯನ್ನಲ್ಲ.

ಹಾಗಾಗಿ ಎಂಟೇ ಮನೆ ಸಾಕು ಎನ್ನುವುದು ನನ್ನ ತೀರ್ಮಾನ. ಕೆಳಗೆ ಎರಡು ಮನೆ, ಪಕ್ಕದಲ್ಲಿ ಗಾಡಿ ನಿಲ್ಲಿಸಲು ಜಾಗ. ಮೇಲೆ ಮೂರು, ಅದರ ಮೇಲೆ ಮೂರು. ಅವ್ವ ಕೆಳಗೇ ಇರುತ್ತಾರೆ. ಇಷ್ಟು ಎತ್ತರಕ್ಕೆ ಲಿಫ್ಟ್ ಇಲ್ಲದೆಯೂ ನಡೆಯುತ್ತದೆ, ಮುಂದೆ ಬೇಕಾದರೆ ಎಂದು ಜಾಗ ಮಾತ್ರ ಬಿಡಿ. ಅವ್ವ ತಮ್ಮ ಪಾಲು ಬಿಟ್ಟುಕೊಡಲು ಒಪ್ಪಿದರೆ ಒಡಹುಟ್ಟಿದ ನಾಲ್ವರಿಗೆ ನಾಲ್ಕು, ಕಟ್ಟುವವರಿಗೆ ನಾಲ್ಕು. ಹದಿನಾರಕ್ಕಿಂತ ಹಣ ಕಡಿಮೆ ಬರುತ್ತದೆ, ಅದನ್ನು ಮುಚ್ಚಿ ಹೇಳಲಾರೆ. ಎಂಟೇ ಕಟ್ಟಿದರೂ ರೇರಾದಲ್ಲಿ ನೋಂದಾಯಿಸಿಕೊಳ್ಳಿ.

ನಾನು ಬೆಳೆದದ್ದೂ ಆರು ಸಂಸಾರದ ವಠಾರದಲ್ಲಿ. ಬೇಸಿಗೆಯ ರಾತ್ರಿ ಮಾಳಿಗೆಯ ಮೇಲೆ ಸಾಲಾಗಿ ಚಾಪೆ ಹಾಸಿ ಮಲಗುತ್ತಿದ್ದೆವು. ದಪ್ಪ ಗೋಡೆ, ಬೆಳಕಿಂಡಿ, ನಡುವೆ ಅಂಗಳ. ಫ್ಯಾನಿಲ್ಲದೆಯೂ ಮಧ್ಯಾಹ್ನ ಕಳೆಯುತ್ತಿತ್ತು. ಈಗ ನಲವತ್ತು ಡಿಗ್ರಿ ಬಿಸಿಲಿನ ಊರಲ್ಲಿ ಪಡುವಣಕ್ಕೆ ಗಾಜಿನ ಗೋಡೆ ಇಟ್ಟು, ಒಳಗೆ ಏಸಿ ಹಾಕುತ್ತಿದ್ದೇವೆ. ನಿಮ್ಮ ಪಡುವಣ ಗೋಡೆಗೆ ಮೆಟ್ಟಿಲು, ಬಚ್ಚಲು ಬರಲಿ. ಕಿಟಕಿಗಳಿಗೆ ಆಳವಾದ ಸಜ್ಜಾ ಇರಲಿ, ಮಾಳಿಗೆಗೆ ಬಿಳಿ ಸುಣ್ಣ. ಬೇವಿನ ಮರ ಬಿಸಿಲು ಬೀಳುವ ಕಡೆಗಿದ್ದರೆ ಅದರ ನೆರಳೇ ಅರ್ಧ ಕೆಲಸ ಮಾಡುತ್ತದೆ. ಅವ್ವ ಹಟ ಮಾಡುತ್ತಿಲ್ಲ. ಆ ಹಿತ್ತಲಿನ ಬಿಸಿಲನ್ನು ಅವರಷ್ಟು ಬಲ್ಲವರು ಮನೆಯಲ್ಲಿ ಇನ್ನಾರೂ ಇಲ್ಲ. ಇದನ್ನು ಅವರ ಮುಂದೆ ಹೇಳಿ, ಊಟ ಮಾಡುತ್ತಾರೆ.

ಮೆಟ್ಟಿಲ ದೀಪ, ನೀರೆತ್ತುವ ಪಂಪಿಗೆ ಸೌರ ವಿದ್ಯುತ್ ಇರಲಿ. 2024ರಲ್ಲಿ ಬಂದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ವಸತಿ ಸಂಘಗಳ ಸಾಮಾನ್ಯ ಬಳಕೆಗೆ ಕಿಲೋವ್ಯಾಟಿಗೆ 18,000 ರೂಪಾಯಿ ಸಹಾಯಧನವಿದೆ. ವಿದ್ಯುತ್ ಕಂಪನಿ ಜೆಸ್ಕಾಂನ ಕಚೇರಿಯಲ್ಲಿ ವಿಚಾರಿಸಿ. ಅದಕ್ಕೆ ಸಂಘ ಬೇಕು. ಮನೆ ಒಬ್ಬೊಬ್ಬರದು, ಸಂಪು, ಬಾವಿ, ಮೋರಿ, ಮಾಳಿಗೆ ಎಲ್ಲರವು. ಜಗಳ ಹುಟ್ಟುವುದು ಅಲ್ಲೇ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯ ಪ್ರಕಾರ ಘೋಷಣಾ ಪತ್ರ ನೋಂದಾಯಿಸಿ, ಸಂಪು ತೊಳೆಸುವವರು ಯಾರು, ತಿಂಗಳ ವಂತಿಗೆ ಎಷ್ಟು ಎಂದು ಮೊದಲೇ ಬರೆದಿಡಿ. ನಕ್ಷೆ ಮೀರಿ ಒಂದು ಅಡಿಯನ್ನೂ ಕಟ್ಟಬೇಡಿ. ಓಸಿ (ಸ್ವಾಧೀನಾನುಭವ ಪ್ರಮಾಣಪತ್ರ) ಇಲ್ಲದ ಕಟ್ಟಡಕ್ಕೆ ನೀರು, ಕರೆಂಟು, ಒಳಚರಂಡಿ ಸಂಪರ್ಕ ಕೊಡಬಾರದು ಎಂದು 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕೊಳಚೆ ನೀರನ್ನು ಕಾಲುವೆಗೆ ಬಿಡುವ ದಾರಿ ಯಾರಾದರೂ ತೋರಿಸಿದರೆ ಒಪ್ಪಬೇಡಿ. ರಾಯ ಕಾಲುವೆ, ಬಸವಣ್ಣ ಕಾಲುವೆ ವಿಜಯನಗರದ ಅರಸರ ಕಾಲದವು, ಇಂದಿಗೂ ಗದ್ದೆಗೆ ನೀರುಣಿಸುತ್ತಿವೆ.

ಕಂಪ್ಲಿಯ ತಮ್ಮನಿಗೆ ಒಂದು ಮಾತು. ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸದಾಗಿ ಕಟ್ಟುವಂತಿಲ್ಲ, ಅದರಾಚೆ 200 ಮೀಟರ್‌ವರೆಗೆ ಅನುಮತಿ ಬೇಕು. ಅದಲ್ಲದೆ ಸುತ್ತಲ ಹಳ್ಳಿಗಳೂ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರದ ಹಿಡಿತದಲ್ಲಿವೆ. 2011ರಲ್ಲಿ ಹಂಪಿ ಬಜಾರಿನಲ್ಲಿ ಬದುಕಿದ್ದ ಕುಟುಂಬಗಳು ಎದ್ದುಹೋಗಬೇಕಾಯಿತು. 2020ರಲ್ಲಿ ವಿರೂಪಾಪುರ ಗಡ್ಡೆಯ ರೆಸಾರ್ಟುಗಳು ಸುಪ್ರೀಂ ಕೋರ್ಟ್ ತೀರ್ಪಿನ ನಂತರ ನೆಲಸಮವಾದವು. ಹೊಳೆದಂಡೆಯ ಜಾಗವೇ ಬೇಕೆಂದರೆ, ಅಣೆಕಟ್ಟೆಯಿಂದ ಹೆಚ್ಚು ನೀರು ಬಿಟ್ಟಾಗ ತಮ್ಮೂರಿನ ಸೇತುವೆ ಮುಳುಗುವುದನ್ನು ಅವರು ನೆನಪಿಸಿಕೊಳ್ಳಲಿ. ಆ ಹಣ ಈ ಎಂಟು ಮನೆಯಲ್ಲೇ ಇರಲಿ.

ಈ ಭಾನುವಾರ ಅವ್ವನನ್ನೂ ಕರೆದುಕೊಂಡು ಸಂಡೂರಿಗೆ ಹೋಗಿ. ಹೊಸ ಬಿಲ್ಡರ್ ಜೊತೆಗಿನ ಕರಡು ಕರಾರು ಸಿದ್ಧವಾದಾಗ ಅದನ್ನೂ ತಂಗಿಯ ಕೈಗೆ ಕೊಡಿ. ಆಕೆ ಪೂರ್ತಿ ಓದಿ, ಕೇಳುವುದನ್ನೆಲ್ಲ ಕೇಳಿದ ಮೇಲೆಯೇ ನೀವು ಸಹಿ ಹಾಕಿ.