ಔಷಧ ನಿರೋಧಕ ಕ್ಷಯ: ಮಾತ್ರೆಯಾಚೆಗಿನ ವೆಚ್ಚ

ಐಸೋನಿಯಾಜಿಡ್, ರಿಫಾಂಪಿಸಿನ್ ಎರಡಕ್ಕೂ ಬಗ್ಗದ ಕ್ಷಯವೇ ಬಹು ಔಷಧ ನಿರೋಧಕ ಕ್ಷಯ (ಎಂಡಿಆರ್-ಟಿಬಿ). ರಾಷ್ಟ್ರೀಯ ಕ್ಷಯ ನಿರ್ಮೂಲನಾ ಕಾರ್ಯಕ್ರಮದಡಿ ಇದರ ಪರೀಕ್ಷೆ, ಔಷಧ ಎರಡೂ ಉಚಿತ. ಈ ಕ್ಷಯದ ಪ್ರಮುಖ ಔಷಧವಾದ ಬೆಡಾಕ್ವಿಲಿನ್ ಮೇಲಿನ ಏಕಸ್ವಾಮ್ಯ ವಿಸ್ತರಿಸುವ ಅರ್ಜಿಯನ್ನು 2023ರ ಮಾರ್ಚ್‌ನಲ್ಲಿ ಭಾರತದ ಪೇಟೆಂಟ್ ಕಚೇರಿ ತಿರಸ್ಕರಿಸಿತು. ಈ ತೀರ್ಪು ಅಗ್ಗದ ತಯಾರಿಕೆಗೆ ದಾರಿ ತೆರೆಯಿತು. 2024ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಒಪ್ಪಿದ ಬಿಪಾಲ್‌ಎಂ ಎಂಬ ಔಷಧ ಕ್ರಮ, 20 ತಿಂಗಳವರೆಗೂ ಎಳೆಯುತ್ತಿದ್ದ ಚಿಕಿತ್ಸೆಯನ್ನು 6 ತಿಂಗಳಿಗೆ ಇಳಿಸಿತು.

ಆದರೂ ರೋಗಿಗೆ ನಿಜವಾದ ಹೊರೆ ಮಾತ್ರೆಯದಲ್ಲ, ಕಳೆದುಹೋಗುವ ಕೂಲಿಯದು. ಮಹಾರಾಷ್ಟ್ರದ ದಕ್ಷಿಣ ಸೋಲಾಪುರದ ಮಂದ್ರೂಪದಂಥ ಕನ್ನಡ ಊರಿನಲ್ಲಿ ಹೊಲಗೆಲಸದವರು, ಸೋಲಾಪುರ ನಗರದಲ್ಲಿ ಬೀಡಿ ಕಟ್ಟುವವರು, ಮಗ್ಗದವರು ದಿನಗೂಲಿ ಬಿಟ್ಟು ಆಸ್ಪತ್ರೆಗೆ ಅಲೆಯಲಾರರು. ಚಿಕಿತ್ಸೆ ನಡುವೆ ನಿಂತರೆ ನಿರೋಧಕತೆ ಬೆಳೆಯುತ್ತದೆ. ಕ್ಷಯ ರೋಗಿಗಳ ಆಹಾರಕ್ಕೆಂದು ಸಿಗುವ ನಿಕ್ಷಯ್ ಪೋಷಣ್ ಯೋಜನೆಯ ನೆರವು 2018ರಲ್ಲಿ ತಿಂಗಳಿಗೆ ₹500 ಇತ್ತು, 2024ರ ನವೆಂಬರ್‌ನಿಂದ ₹1,000. ಪೋಷಣೆಗೆ ಕೊಡುವ ಹಣ ವ್ಯರ್ಥ ಎನ್ನುವವರಿಗೆ ಜಾರ್ಖಂಡ್‌ನ ರೇಷನ್ಸ್ ಅಧ್ಯಯನವೇ ಉತ್ತರ: ರೋಗಿಗಳ ಮನೆಯವರಿಗೂ ಆಹಾರ ನೆರವು ಕೊಟ್ಟಾಗ ಅವರಲ್ಲಿ ಹೊಸ ಕ್ಷಯ ಶೇ. 39ರಷ್ಟು ತಗ್ಗಿತು. ದುಡಿಯಲು ಭೀಮಾ ನದಿ ದಾಟಿ ಕರ್ನಾಟಕದ ವಿಜಯಪುರದ ಕಡೆಗೆ ಹೋದವರಿಗೂ ಈ ನೆರವು, ಔಷಧ ಎರಡೂ ತಪ್ಪದೆ ತಲುಪಬೇಕು. ಎರಡೂ ರಾಜ್ಯಗಳು ಅದಕ್ಕೆ ಹಣ ತೆಗೆದಿಡಲಿ.