ಕತ್ತಿ ಕೆಂಪಾದರೆ ತಾಮ್ರ ಸಿಕ್ಕಿತು!

ನಂಜನಗೂಡಿನ ಕಡೆ ನನ್ನ ಅಡಿಕೆ ತೋಟ. ಹೋದ ವರ್ಷ ಒಬ್ಬರು ಬಂದು, "ಲೋಹಲೇಪನ ಘಟಕದ ಸುಣ್ಣದ ಮಣ್ಣು ಇದೆ, ಪುಕ್ಕಟೆ, ತೋಟಕ್ಕೆ ಹಾಕಿಸ್ಕೊಳ್ಳಿ" ಅಂದರು. ಹುಳಿ ಮಣ್ಣಿಗೆ ಸುಣ್ಣ ಒಳ್ಳೆಯದಲ್ಲವೇ? ಒಂದು ಲೋಡ್ ಬೇಲಿ ಬದಿಗೆ ಸುರಿಸಿಕೊಂಡೆ. ಹಸಿರು ಮಿಶ್ರಿತ ನೀಲಿ ಬಣ್ಣ ಕಂಡು ಅನುಮಾನ ಬಂತು. ಹಿಡಿ ಮಣ್ಣು ಪೊಟ್ಟಣ ಕಟ್ಟಿಕೊಂಡು ರೈಲು ಹತ್ತಿ ಚಾಮರಾಜಪುರಂನಲ್ಲಿ ಇಳಿದೆ. ಅಲ್ಲಿ ನಮ್ಮ ಭಾವನ ಮನೆ. ರಸಾಯನಶಾಸ್ತ್ರ ಪಾಠ ಹೇಳಿ ನಿವೃತ್ತರಾದವರು.

ಹಿತ್ತಿಲಲ್ಲಿ ಪಾಠ

"ಬೋರ್ಡೋ ಮಾಡಿ ಕತ್ತಿ ಅದ್ದಿ ನೋಡ್ತೀಯಲ್ಲ, ಯಾಕೆ?" ಭಾವ ಕೇಳಿದರು. ಸುಣ್ಣ ಕಡಿಮೆಯಾದರೆ ಕತ್ತಿ ಕೆಂಪಾಗುತ್ತದೆ ಎಂದೆ. "ಆ ಕೆಂಪೇ ತಾಮ್ರ ಕಣಪ್ಪ."

ಗಾಜಿನ ಲೋಟದಲ್ಲಿ ಮೈಲುತುತ್ತದ ನೀರಿಗೆ ಉಜ್ಜಿದ ಮೊಳೆ ಹಾಕಿದರು. ಸ್ವಲ್ಪ ಹೊತ್ತಿಗೆ ಕೆಂಪು ಪುಡಿ ಹತ್ತಿತು. ಕಬ್ಬಿಣ ನೀರಿಗಿಳಿಯುತ್ತದೆ, ತಾಮ್ರ ಹೊರಬರುತ್ತದೆ. ಲೆಕ್ಕದ ಪ್ರಕಾರ 56 ಗ್ರಾಂ ಕಬ್ಬಿಣಕ್ಕೆ ಸುಮಾರು 63 ಗ್ರಾಂ ತಾಮ್ರ. ತಾಮ್ರ ಹೆಚ್ಚಿರುವ ತ್ಯಾಜ್ಯನೀರಿನಿಂದ ಗುಜರಿ ಕಬ್ಬಿಣ ಹಾಕಿ ತಾಮ್ರ ತೆಗೆಯುವುದು ಹೀಗೇ. ವಿದ್ಯುತ್ ಹರಿಸಿ ತಗಡಿಗೆ ಹತ್ತಿಸುವುದು ಇನ್ನೊಂದು ದಾರಿ. ಲೋಹ ತೆಳುವಾಗಿದ್ದರೆ ರಾಳದ ಮಣಿಗಳಲ್ಲಿ ಹಾಯಿಸಿ ಹಿಡಿಯುತ್ತಾರೆ.

ಎರಡನೇ ಲೋಟಕ್ಕೆ ಸುಣ್ಣ ಹಾಕಿದರು. ನೀಲಿ ಗಸಿ ತಳಕ್ಕೆ ಕೂತು ಮೇಲೆ ತಿಳಿನೀರು ನಿಂತಿತು. ರಸಸಾರ (ಪಿಎಚ್) 8–9ಕ್ಕೆ ಬಂದರೆ ತಾಮ್ರ ಕೂರುತ್ತದೆ, ನಿಕ್ಕಲ್‌ಗೆ 10ರ ಆಸುಪಾಸು ಬೇಕು. ವಿಷಕಾರಿ ಷಡ್ವೇಲೆನ್ಸಿ ಕ್ರೋಮಿಯಂ ಸುಣ್ಣಕ್ಕೆ ಬಗ್ಗುವುದೇ ಇಲ್ಲ. ಮೊದಲು ಆಮ್ಲದಲ್ಲಿ ಸೋಡಿಯಂ ಮೆಟಾಬೈಸಲ್ಫೈಟ್ ಹಾಕಿ ಅದರ ರೂಪ ಬದಲಿಸಬೇಕು. ಎಲ್ಲ ನೀರನ್ನೂ ಒಂದೇ ಗುಂಡಿಗೆ ಬಿಟ್ಟರೆ ಕಲಬೆರಕೆ ಗಸಿ, ಮತ್ತೆ ಬಳಸುವುದು ಕಷ್ಟ. ಬೇರೆ ಬೇರೆ ಹಿಡಿದರೆ ಲೋಹ ಮರಳಿ ಕೆಲಸಕ್ಕೆ ಬರುತ್ತದೆ. ಲೇಪನದ ತೊಟ್ಟಿಯಿಂದ ಎತ್ತಿದ ಸಾಮಾನನ್ನು ಅಲ್ಲೇ ತೊಟ್ಟಿಕ್ಕಲು ಬಿಡುವುದು ಎಲ್ಲಕ್ಕಿಂತ ಅಗ್ಗದ ಉಳಿತಾಯ.

ನಿಂಬೆಹಣ್ಣಿನ ಸಾಕ್ಷಿ

"ಹಾಗಾದರೆ ಸುಣ್ಣ ಹಾಕಿದ ಮೇಲೆ ವಿಷ ಹೋಯ್ತಲ್ಲ?" ಎಂದೆ. ಭಾವ ಮಾತಾಡಲಿಲ್ಲ. ಗಸಿಗೆ ನಿಂಬೆಹಣ್ಣು ಹಿಂಡಿದರು. ಗಸಿ ಕರಗಿ ನೀರು ಮತ್ತೆ ನೀಲಿಯಾಯಿತು! "ಲೋಹ ಕೊಳೆಯಲ್ಲ, ಆವಿಯಾಗಲ್ಲ. ಕೂತಿರುತ್ತೆ ಅಷ್ಟೆ. ನಿನ್ನ ಹುಳಿ ಮಣ್ಣೂ ನಿಂಬೆಹಣ್ಣಿನ ಕೆಲಸವನ್ನೇ ಮಾಡುತ್ತೆ."

ಇನ್ನೊಂದು ಲೆಕ್ಕವೂ ಕೊಟ್ಟರು. ನಮ್ಮ ದೇಶದ ಸಾಮಾನ್ಯ ಮಾನದಂಡದಂತೆ ಕಾರ್ಖಾನೆಯು ನದಿ–ಹಳ್ಳಕ್ಕೆ ಬಿಡುವ ನೀರಲ್ಲಿ ಲೀಟರಿಗೆ 3 ಮಿಲಿಗ್ರಾಂವರೆಗೆ ತಾಮ್ರ ಇರಬಹುದು. ನೀರಾವರಿಗೆ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಹೇಳುವ ಮಿತಿ 0.2 ಮಿಲಿಗ್ರಾಂ. ಹದಿನೈದು ಪಟ್ಟು ವ್ಯತ್ಯಾಸ! ಬೆಂಗಳೂರಿನ ಕೊಳೆಯನ್ನೂ ಕಾರ್ಖಾನೆ ನೀರನ್ನೂ ವೃಷಭಾವತಿ ಹೊತ್ತು ತಂದ ಬಿಡದಿ ಬಳಿಯ ಬೈರಮಂಗಲ ಕೆರೆಯ ರೈತರಿಗೆ ಇದನ್ನು ಹೊಸದಾಗಿ ಹೇಳಬೇಕಿಲ್ಲ.

ನಮ್ಮ ತಪ್ಪೂ ಇದೆ. ಮೈಲುತುತ್ತದಲ್ಲಿ ಕಾಲು ಭಾಗ ತಾಮ್ರ. 100 ಲೀಟರ್ ಶೇ. 1ರ ಬೋರ್ಡೋದಲ್ಲಿ ಸುಮಾರು 250 ಗ್ರಾಂ. ಉಳಿದ ದ್ರಾವಣವನ್ನು ಕೆರೆ, ಬಾವಿ ಬದಿಗೆ ಚೆಲ್ಲಬಾರದು. ಬೇಕಾದಷ್ಟೇ ಕಲಸಬೇಕು.

ಕೊನೆಗೆ ಏನಾಯಿತು?

ಲೇಪನ ಘಟಕದ ಇಂಥ ಗಸಿ 2016ರ ನಿಯಮಗಳಂತೆ ಅಪಾಯಕಾರಿ ತ್ಯಾಜ್ಯ. ಪಡೆಯುವವನಿಗೂ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಬೇಕು. ಮಂಡಳಿಗೆ ಬರೆಯುತ್ತೇನೆ ಎಂದ ಮೇಲೆ ಲೋಡ್ ವಾಪಸ್ ಹೋಯಿತು. ರಾಶಿ ಬಿದ್ದಿದ್ದ ಜಾಗದ ಮೇಲ್ಮಣ್ಣನ್ನೂ ಕೆರೆಸಿ ಅದೇ ಗಾಡಿಗೆ ತುಂಬಿಸಿದೆ. ಆದರೂ ಅಲ್ಲಿ ಸೊಪ್ಪು–ತರಕಾರಿ ಹಾಕಿಲ್ಲ. ಮಣ್ಣು ಪರೀಕ್ಷೆಗೆ ಕೊಡುವಾಗ ಸಾರಜನಕ, ರಂಜಕ, ಪೊಟ್ಯಾಶ್ ಜೊತೆ ಭಾರಲೋಹಗಳನ್ನೂ ನೋಡಿ ಎಂದು ಬರೆದುಕೊಟ್ಟಿದ್ದೇನೆ.

ಪುಕ್ಕಟೆ ಮಣ್ಣು ಬಂದರೆ ಮೊದಲು ಕೇಳಿ: ಲೋಹಕ್ಕೆ ಬೆಲೆ ಇದ್ದರೆ ಅವರೇ ಯಾಕೆ ಇಟ್ಟುಕೊಳ್ಳಲಿಲ್ಲ?