ದಿನದ ಧಮ್ಮ ಚಿಂತನೆ: ಕಬ್ಬಿಣದ ಸೇತುವೆ, ಜೊಂಡಿನ ಕಟ್ಟು

 

ಅಮೆರಿಕದ ಮಿಶಿಗನ್ ರಾಜ್ಯದ ಬ್ಯಾಟಲ್ ಕ್ರೀಕ್ ಊರಿನ ಹತ್ತಿರ, ಡಿಕಿನ್ಸನ್ ಎಂಬ ತೊರೆಯ ಬಳಿ, ಹಿಸ್ಟಾರಿಕ್ ಬ್ರಿಡ್ಜ್ ಪಾರ್ಕ್ ಎಂಬ ಉದ್ಯಾನವಿದೆ. ಬೇರೆ ಬೇರೆ ಊರುಗಳಲ್ಲಿ ಬೇಡವಾಗಿದ್ದ ಹಳೆಯ ಕಬ್ಬಿಣದ ಸೇತುವೆಗಳನ್ನು ಬಿಚ್ಚಿ ತಂದು, ಕಾಯಿಸಿದ ರಿವೆಟ್ ಬಡಿಯುವ ಹಳೆಯ ಪದ್ಧತಿಯಲ್ಲೇ ದುರಸ್ತಿ ಮಾಡಿ, ಅಲ್ಲಿ ಮತ್ತೆ ನಿಲ್ಲಿಸಿದ್ದಾರೆ. ಕೆಲವು 1880ರ ದಶಕದವು. ಜನ ಅವುಗಳ ಮೇಲೆ ನಡೆದಾಡುತ್ತಾರೆ.

ಇವು 'ಟ್ರಸ್' ಸೇತುವೆಗಳು, ಅಂದರೆ ಸಲಾಕೆಗಳನ್ನು ತ್ರಿಕೋನ ತ್ರಿಕೋನವಾಗಿ ಹೆಣೆದವು. ರೈಲಿನಲ್ಲಿ ಹೊಳೆ ದಾಟುವಾಗ ಕಿಟಕಿಯಾಚೆ ಹಿಂದಕ್ಕೋಡುವ ಓರೆ ಪಟ್ಟಿಗಳು ಇವೇ. ನಾನು ಪಾಠ ಮಾಡುವುದು ಕನ್ನಡವಾದರೂ ಮಕ್ಕಳಿಗೆ ಇದನ್ನು ತೋರಿಸುವ ಆಸೆ ಬಿಡದು. ನಾಲ್ಕು ಐಸ್‌ಕ್ಯಾಂಡಿ ಕಡ್ಡಿಗಳ ಮೂಲೆಗೆ ಗುಂಡುಸೂಜಿ ಚುಚ್ಚಿ ಚೌಕ ಮಾಡಿ ಒತ್ತಿದರೆ ವಾಲುತ್ತದೆ. ಮೂರು ಕಡ್ಡಿಯದು ವಾಲುವುದಿಲ್ಲ. ಒಂದನ್ನು ಉಳಿದೆರಡು ಹಿಡಿದಿರುತ್ತವೆ.

ಸಂಯುತ್ತ ನಿಕಾಯದ ನಳಕಲಾಪಿ ಸುತ್ತದಲ್ಲಿ ಸಾರಿಪುತ್ತರು ಮಹಾಕೊಟ್ಠಿತರಿಗೆ ಹೇಳುವುದೂ ಇಂಥದ್ದೇ. ಒಂದಕ್ಕೊಂದು ಒರಗಿ ನಿಂತ ಎರಡು ಜೊಂಡಿನ ಕಟ್ಟುಗಳಲ್ಲಿ ಒಂದನ್ನು ಎಳೆದರೆ ಇನ್ನೊಂದೂ ಬೀಳುತ್ತದೆ. ವಿಞ್ಞಾಣ, ನಾಮರೂಪಗಳೂ ಹಾಗೆಯೇ. ಪ್ರತೀತ್ಯಸಮುತ್ಪಾದವನ್ನು ಇದಕ್ಕಿಂತ ಸರಳವಾಗಿ ಹೇಳಿದ್ದನ್ನು ನಾನು ಓದಿಲ್ಲ.

ಆದರೆ ಇಷ್ಟು ಹೇಳಿದ ಕೂಡಲೇ ಯಾರಾದರೂ ಕೇಳುತ್ತಾರೆ: "ಹಾಗಾದರೆ ವರ್ಣವೂ ಹೀಗೇ ಅಲ್ಲವೇ ಮೇಷ್ಟ್ರೇ? ತಲೆ, ತೋಳು, ತೊಡೆ, ಪಾದ, ಒಂದಕ್ಕೊಂದು ಆಧಾರ?" ಕೇಳಲು ಹಿತವಾದ ಮಾತು. ನಮ್ಮವರೂ ಕೆಲವರು ತಲೆಯಾಡಿಸುತ್ತಾರೆ, ಅದೇ ನನಗೆ ಕಳವಳ.

ಸೇತುವೆಯನ್ನೇ ನೋಡಿ. ಮೇಲಿನ ಸಲಾಕೆ ಒತ್ತಡ ತಾಳುತ್ತದೆ, ಕೆಳಗಿನದು ಎಳೆತ ತಾಳುತ್ತದೆ. ಮೇಲಿರುವುದಕ್ಕೆ ಕೆಲಸ ತಪ್ಪುವುದಿಲ್ಲ. ಯಾವುದಕ್ಕೆ ಎಷ್ಟು ಭಾರ ಬೀಳುತ್ತದೆಂದು ಲೆಕ್ಕ ಹಾಕಿ, ಹೆಚ್ಚು ಹೊರುವುದಕ್ಕೆ ಹೆಚ್ಚು ಕಬ್ಬಿಣ ಕೊಡುತ್ತಾರೆ. ವರ್ಣದಲ್ಲಿ ಹೆಚ್ಚು ಹೊತ್ತವರಿಗೆ ಸಿಕ್ಕಿದ್ದು ಕಡಿಮೆ ಅನ್ನ, ಕಡಿಮೆ ಅಕ್ಷರ. ಕೆರೆ ತೋಡಿದವರೇ ಕೆರೆ ಮುಟ್ಟುವಂತಿರಲಿಲ್ಲ. ಮಹಾಡಿನ ಚವದಾರ್ ಕೆರೆಯ ನೀರು ಮುಟ್ಟಲು 1927ರಲ್ಲಿ ಬಾಬಾಸಾಹೇಬರು ಸತ್ಯಾಗ್ರಹವನ್ನೇ ಮಾಡಬೇಕಾಯಿತು. ಜಾತಿಯೆಂದರೆ ಬರೀ ಶ್ರಮವಿಭಜನೆಯಲ್ಲ, ಶ್ರಮಿಕರ ವಿಭಜನೆ ಎಂದು ಅವರು ಬರೆದದ್ದು ಇಂಥ ಪ್ರಶ್ನೆಗೇ ಉತ್ತರ. ತುಕ್ಕು ಹಿಡಿದ ಸಲಾಕೆಯನ್ನು ಆ ಉದ್ಯಾನದವರು ಕಳಚಿ ಸರಿಮಾಡಿದರು. ಜಾತಿಯ ಮೆಟ್ಟಿಲನ್ನು ಕಳಚಲು ಹೋದರೆ ಏನಾಗುತ್ತದೆಂದು ನಿಮಗೆ ಹೇಳಬೇಕಿಲ್ಲ.

ಭಾನುವಾರ ಈ ಸುತ್ತವನ್ನು ಒಟ್ಟಿಗೆ ಓದೋಣ. ಮಕ್ಕಳನ್ನೂ ಕರೆತನ್ನಿ, ಕೈಯಲ್ಲಿ ಏಳು ಕಡ್ಡಿ ಇರಲಿ.

ಭವತು ಸಬ್ಬ ಮಂಗಲಂ.